ತಲೆಕೆಳಗಾದ ರಾಣಿ

ಆ ಕಾಗದ ಬಂದದ್ದು ಮಾರ್ಚ್ ತಿಂಗಳಲ್ಲಿ. ಮಂಜುಗಡ್ಡೆ ಕೊಲ್ಲಿಯ ಬಾಯಿ ಮುಚ್ಚಿ, ಟಪಾಲಿನ ದೋಣಿ ಬಾರದೆ, ಊರಿಗೆ ಊರೇ ಕಿಟಕಿಗೆ ಅಂಟಿಕೊಂಡು ಕೂತಿದ್ದ ದಿನಗಳು. ಗಾಳಿ ತಿರುಗಿ ಮಂಜು ಒಡೆಯಿತು, ದೋಣಿ ಬಂತು. ಚೀಲ ಬಿಚ್ಚುವ ಮೊದಲೇ ನಾನು ಅಂಚೆ ಕಚೇರಿಯಲ್ಲಿದ್ದೆ. ಅಂಚೆ ನೋಡಿಕೊಳ್ಳುವ ಡಲ್ಸಿ ನನ್ನ ಲಕೋಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ಕೊಡಲಿಲ್ಲ.

"ದೊಡ್ಡಮ್ಮ, ನಿಮ್ಮ ಗೋಧಿ ತಾತ ರಾಣೀನ ತಲೆಕೆಳಗೆ ನಿಲ್ಲಿಸಿಬಿಟ್ಟಿದಾರೆ ನೋಡಿ," ಅಂದಳು.

ನೋಡಿದೆ. ಸ್ಟ್ಯಾಂಪಿನ ಮೇಲಿನ ರಾಣಿ ಕಿರೀಟ ಕೆಳಗೆ, ಕೊರಳು ಮೇಲೆ ಮಾಡಿಕೊಂಡಿದ್ದಳು. ಡಲ್ಸಿ ನಕ್ಕಳು. ಅವಳು ಚಿಕ್ಕವಳು, ಕಡಲಿಗೆ ಹೋದ ದೋಣಿಗಳು ಮರಳಿ ಬಾರದ ಕಾಲ ಕಂಡವಳಲ್ಲ. ನಾನು ಲಕೋಟೆಯನ್ನು ಅವಳ ಕೈಯಿಂದ ಸೆಳೆದುಕೊಂಡೆ.

ನಮ್ಮದು ಯಾವುದನ್ನೂ ಬೋರಲು ಇಡದ ಊರು. ಬ್ರೆಡ್ಡನ್ನು ಬೋರಲಿಟ್ಟರೆ ಎಲ್ಲೋ ಒಂದು ದೋಣಿ ಮಗುಚುತ್ತದೆ ಎಂದು ಅಮ್ಮ ಕೈಮೇಲೆ ಹೊಡೆಯುತ್ತಿದ್ದಳು. ಬಕೆಟ್ಟು, ಟೋಪಿ, ದೋಣಿಯ ಮುಚ್ಚಳ, ಏನನ್ನೂ ಕವುಚುವಂತಿಲ್ಲ. ಬಾವುಟವನ್ನಂತೂ ತಲೆಕೆಳಗಾಗಿ ಕಟ್ಟುವುದು ಒಂದೇ ಕಾರಣಕ್ಕೆ: ಮುಳುಗುತ್ತಿದ್ದೇವೆ, ಬನ್ನಿ. ನಾನು ಸಣ್ಣವಳಿದ್ದಾಗ ಅಪ್ಪನ ದೋಣಿ ಬಂಡೆಗೆ ಬಡಿದು ನೀರು ತುಂಬಿಕೊಂಡಿತು. ಅಪ್ಪ ಕಟ್ಟಿದ್ದು ಅದನ್ನೇ. ಆಚೆ ಕೊಲ್ಲಿಯವರ ಕಣ್ಣಿಗೆ ಬಿತ್ತು. ಬಲೆಯ ಜಗಳದಲ್ಲಿ ಅವರಿಗೂ ನಮಗೂ ಮಾತು ನಿಂತು ವರ್ಷಗಳಾಗಿದ್ದವು. ಆದರೂ ಬಂದರು. ಕಂಡವರು ಹೋಗಲೇಬೇಕು. ನಮ್ಮ ಕಡೆ ಇದಕ್ಕೆ ಎರಡನೇ ಮಾತಿಲ್ಲ.

ಈ ಕತೆಯನ್ನೆಲ್ಲ ನಾನು ನೆಸ್ಟರ್ ಅವರಿಗೆ ಹಿಂದೆ ಒಮ್ಮೆ ಬರೆದಿದ್ದೆ. ತಲೆಕೆಳಗಾದರೆ ಏನರ್ಥ ಎಂದು ಅವರಿಗೆ ಗೊತ್ತು, ನನ್ನ ಹೆದರಿಕೆಯ ಬೇರು ಇದ್ದದ್ದು ಅಲ್ಲೇ.

ನೆಸ್ಟರ್ ಹ್ರಿಂಚುಕ್ ದೂರದ ಒಳನಾಡಾದ ಸಸ್ಕಾಚೆವಾನಿನ ಗೋಧಿ ಬಯಲಿನವರು, ಸಮುದ್ರವನ್ನೇ ಕಾಣದವರು. ಹೆಂಡತಿ ತೀರಿಹೋದ ವರ್ಷ ಅಂಗಡಿಯಲ್ಲಿ ನಮ್ಮ ಕಾರ್ಖಾನೆಯ ಉಪ್ಪುಮೀನಿನ ಪೊಟ್ಟಣ ಕೊಂಡು, ಹಾಗೇ ಪಾತ್ರೆಗೆ ಹಾಕಿ ಬೇಯಿಸಿ, ಪೊಟ್ಟಣದ ಮೇಲಿನ ವಿಳಾಸಕ್ಕೆ ಒಂದು ಕಾಗದ ಬರೆದಿದ್ದರು. 'ನಿಮ್ಮ ಮೀನನ್ನು ಮಧ್ಯಾಹ್ನವೆಲ್ಲ ಬೇಯಿಸಿದೆ. ಈಗ ಅದನ್ನು ಬೂಟಿನ ಅಟ್ಟೆಗೆ ಹೊಲಿಸಬಹುದು. ನಾನು ಮಾಡಿದ ತಪ್ಪೇನು?' ಕಚೇರಿಯವರು ಓದಿ ನಕ್ಕು, ಮೀನಿಗೆ ಉಪ್ಪು ಹಾಕುವ ಕಡೆ ಇದ್ದ ನನ್ನ ಕೈಗೆ ಅದನ್ನು ದಾಟಿಸಿದರು. ಸಂಜೆ ಶಾಲೆಯಲ್ಲಿ ಕಲಿತ ಅಕ್ಷರ ನನ್ನ ಬೆರಳಿಗೆ ಇನ್ನೂ ಒಗ್ಗಿರಲಿಲ್ಲ. ಆದರೂ ಬರೆದೆ: ಹಿಂದಿನ ದಿನವೇ ನೆನೆಹಾಕಿ, ನೀರು ಬದಲಿಸಿ, ಆಮೇಲೆ ಬೇಯಿಸಿ, ಹಂದಿಕೊಬ್ಬಿನ ಚೂರು ಹುರಿದು ಮೇಲೆ ಸುರಿಯಿರಿ. ಉಪಕಾರವಾಯಿತು ಎಂದು ಅವರು ಬರೆದರು. ರುಚಿ ಹೇಗಿತ್ತು ಎಂದು ನಾನು ಕೇಳಿದೆ. ಆಮೇಲೆ ಕಡಲಿನಲ್ಲಿ ಮೀನು ಮುಗಿಯಿತು, ಕಾರ್ಖಾನೆ ಮುಚ್ಚಿತು, ಕಾಗದ ಮಾತ್ರ ನಿಲ್ಲಲಿಲ್ಲ.

ಅವರಿಗೆ ಕಿವಿ ಪೂರ್ತಿ ಹೋಗಿದೆ. ಹಾಗಾಗಿ ಫೋನಿನ ಮಾತಿಲ್ಲ, ಇರುವುದೆಲ್ಲ ಕಾಗದವೇ. ದೊಡ್ಡ ವಿಷಯವೇನೂ ನಾವು ಬರೆಯುತ್ತಿರಲಿಲ್ಲ. ಅವರ ಕೋಳಿಗಳು, ನನ್ನ ಮಂಡಿನೋವು, ಯಾರ ಕಡೆ ಹೆಚ್ಚು ಹಿಮ ಬಿತ್ತು ಎಂಬ ಪೈಪೋಟಿ. ಆದರೆ ಮನೆಯವರು ಆಂಬ್ರೋಸ್ ತೀರಿಹೋದ ಮೇಲೆ ನನಗೆ ಒಂದು ಅಭ್ಯಾಸವಾಗಿತ್ತು. ಬೇಲಿಯ ಮೇಲೆ ಅಪರೂಪದ ಹಕ್ಕಿ ಕೂತರೆ, ಪಾದ್ರಿ ಪ್ರವಚನದ ನಡುವೆ ಬಿಕ್ಕಳಿಸಿದರೆ, ಇದನ್ನು ನೆಸ್ಟರ್ ಅವರಿಗೆ ಬರೆಯಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟು ಅಂದುಕೊಂಡರೆ ಸಾಕು, ಮನೆಯಲ್ಲಿ ಇನ್ನೊಬ್ಬರು ಇದ್ದ ಹಾಗೆ.

ಆ ಚಳಿಗಾಲದಲ್ಲಿ ಅವರು ಅಂಗಳದ ಮಂಜಿನ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನೋಡಿಕೊಳ್ಳಲು ತಮ್ಮನ ಮಗಳು ಸ್ಟೆಫಾ ಪಟ್ಟಣದಿಂದ ಬಂದಳು. ಅದಾದ ಮೇಲೆ ಕಾಗದಗಳು ಚಿಕ್ಕದಾದವು. ಒಂದರಲ್ಲಿ ತಮಾಷೆಯಾಗಿಯೇ ಬರೆದಿದ್ದರು: 'ನನ್ನ ಕಾಗದಗಳನ್ನು ಈಗ ಸ್ಟೆಫಾ ಅಂಚೆಗೆ ಹಾಕುತ್ತಾಳೆ. ಹಾಕುವ ಮೊದಲು ಒಮ್ಮೆ ಕಣ್ಣಾಡಿಸುತ್ತಾಳೆ, ಕಾಗುಣಿತ ತಿದ್ದಬೇಕಂತೆ.' ಅದನ್ನು ಓದಿದಾಗ ನಾನೂ ನಕ್ಕಿದ್ದೆ.

ಈಗ ಲಕೋಟೆಯನ್ನು ಮೇಜಿನ ಮೇಲಿಟ್ಟು ನೋಡುತ್ತ ಕೂತೆ. ನನ್ನ ನಾದಿನಿ ಟ್ರಿಫಿ ಎದುರು ಮನೆಯವಳು, ದಿನವೂ ಟೀ ಹೊತ್ತಿಗೆ ಬರುವವಳು. ಅವಳು ಲಕೋಟೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಎಂಬತ್ತು ದಾಟಿದ ಮುದುಕ ಅತ್ತಿಗೆ. ಕೈ ನಡುಗತ್ತೆ, ಕನ್ನಡಕ ಒಂದು ಕಡೆ, ಮೂಗು ಒಂದು ಕಡೆ. ಹೆಂಗೆ ಬಿತ್ತೋ ಹಂಗೆ ಅಂಟಿಸಿದಾನೆ. ನಮ್ಮನೆಯವರು ಅಂಗೀನ ಹಿಂದುಮುಂದಾಗಿ ಹಾಕ್ಕೊಂಡು ಚರ್ಚಿಗೆ ಬಂದಿದ್ರು, ಯಾರಾದ್ರೂ ಪೊಲೀಸ್ರನ್ನ ಕರೆದ್ರಾ?"

ಸರಿ ಅನ್ನಿಸಿತು. ಅನ್ನಿಸಬೇಕೆಂದು ನನಗೂ ಆಸೆಯಿತ್ತು. ಕಾಗದವನ್ನು ಮತ್ತೆ ಓದಿದೆ. 'ಸ್ಟೆಫಾ ಒಳ್ಳೆಯ ಹುಡುಗಿ. ಬೀಟ್‌ರೂಟ್ ಸಾರು ಚೆನ್ನಾಗಿ ಮಾಡುತ್ತಾಳೆ. ನನಗೆ ಯಾವುದಕ್ಕೂ ಕೊರತೆಯಿಲ್ಲ.' ಇಷ್ಟೇ ಇತ್ತು, ಇದೇ ನನ್ನನ್ನು ಚುಚ್ಚಿತು. ನೆಸ್ಟರ್ ಬಿಸಿಲು ಬಂದರೆ ಕಣ್ಣು ಕುಕ್ಕುತ್ತದೆ ಎಂದು, ಮೋಡ ಕವಿದರೆ ಕೋಳಿ ಮೊಟ್ಟೆ ಇಡುವುದಿಲ್ಲ ಎಂದು ಗೊಣಗುವವರು. ದೇವರು ಸ್ವರ್ಗಕ್ಕೆ ಕರೆದರೂ ಬಾಗಿಲು ಕಿರುಗುಟ್ಟುತ್ತದೆ ಅನ್ನುವ ಜಾತಿ. ಅಂಥವರು ಕೊರತೆಯಿಲ್ಲ ಎಂದು ಬರೆದರೆ, ಹೆಗಲ ಮೇಲಿಂದ ಯಾರೋ ಇಣುಕುತ್ತಿದ್ದಾರೆ ಎಂದೇ ಅರ್ಥ.

ಮುಂದಿನ ಕಾಗದದಲ್ಲೂ ರಾಣಿ ತಲೆಕೆಳಗಾಗಿಯೇ ಬಂದಳು. ಅಂಚು ಓರೆಯಿಲ್ಲ, ಸುಕ್ಕಿಲ್ಲ. ನಡುಗುವ ಕೈ ಅಂಟಿಸಿದ್ದಲ್ಲ ಅದು. ಕೂತು, ನೋಡಿ, ಒತ್ತಿ ಅಂಟಿಸಿದ್ದು. ಟ್ರಿಫಿಗೆ ತೋರಿಸಿದೆ. ಅವಳು ಈ ಸಲ ತನ್ನ ಗಂಡನ ಅಂಗಿಯ ಕತೆ ಹೇಳಲಿಲ್ಲ.

ನೇರವಾಗಿ ಕೇಳುವಂತಿರಲಿಲ್ಲ. ಹೋಗುವ ಕಾಗದ ಓದುವವಳು ಬರುವ ಕಾಗದ ಬಿಡುತ್ತಾಳೆಯೇ? ಯೋಚಿಸಿ ಯೋಚಿಸಿ, ಕೊನೆಯ ಸಾಲಿನಲ್ಲಿ, ಹವಾಮಾನದ ಮಾತಿಗೆ ಸೇರಿಸಿ ಬರೆದೆ: 'ನಿಮ್ಮ ಬಾವುಟ ನೆಟ್ಟಗಿದೆಯೇ?' ಅವರಿಗೆ ನೆನಪಿದ್ದರೆ ಅರ್ಥವಾಗುತ್ತದೆ, ಸ್ಟೆಫಾಗೆ ಆಗುವುದಿಲ್ಲ.

ಉತ್ತರಕ್ಕೆ ಕಾದ ದಿನಗಳಲ್ಲಿ ನಾನು ಒಂದು ಕಾಲುಚೀಲ ಹೆಣೆಯಲು ಹಿಡಿದೆ. ಹಿಮ್ಮಡಿ ತಿರುಗಿಸುವುದನ್ನು ಮರೆತು ಹೆಣೆಯುತ್ತಲೇ ಹೋದೆ. ಟ್ರಿಫಿ ಅದನ್ನು ಎತ್ತಿ ಹಿಡಿದು, ಇದು ಕಾಲಿಗೋ ಕುದುರೆಯ ಮೂತಿಗೋ ಎಂದು ಕೇಳಿದಳು. ಬಿಚ್ಚಿದೆ. ಮತ್ತೆ ಹೆಣೆದೆ. ಬ್ರೆಡ್ಡಿಗೆ ಕಾಕಂಬಿ ಸವರಿ, ತಿನ್ನದೆ ಹಾಗೇ ಎತ್ತಿಡುತ್ತಿದ್ದೆ. ಅಲ್ಲಿ ಅವರಿಗೆ ತಿನ್ನಲು ಸಿಕ್ಕಿತೋ ಇಲ್ಲವೋ.

ಕಾಗದ ಬಂತು. ರಾಣಿ ತಲೆಕೆಳಗೆ. ಒಳಗೆ ಹೀಗಿತ್ತು: 'ನಮ್ಮ ಮನೆಯಲ್ಲಿ ಬಾವುಟವಿಲ್ಲ. ಗಾಳಿ ನೋಡಲು ಚಾವಣಿಯ ಮೇಲೆ ಒಂದು ತಗಡಿನ ಹುಂಜವಿದೆ. ಅದು ತುಕ್ಕು ಹಿಡಿದು, ಗಾಳಿ ಎತ್ತ ಬೀಸಿದರೂ ಪೂರ್ವಕ್ಕೇ ಮುಖ ಮಾಡಿ ನಿಂತಿರುತ್ತದೆ. ಸೆಲೀನಾ ಅವರೇ, ನೀವು ಒಳಗಿನದನ್ನು ಮಾತ್ರ ಓದುತ್ತೀರಿ ಎಂದು ಕಾಣುತ್ತದೆ. ಒಳಗೆ ಬರೆಯಲಾಗದ್ದನ್ನು ನಾನು ಹೊರಗೆ ಇಟ್ಟಿದ್ದೇನೆ. ಒಮ್ಮೆ ನೋಡಿ.'

ಟ್ರಿಫಿ ಟೀ ಬಟ್ಟಲನ್ನು ಕೆಳಗಿಟ್ಟಳು.

"ಇದು ಸರಿಯಿಲ್ಲ ಅತ್ತಿಗೆ," ಅಂದಳು. "ಇದು ಖಂಡಿತ ಸರಿಯಿಲ್ಲ."

ತುರ್ತಿಗಿರಲಿ ಎಂದು ಅವರು ಯಾವಾಗಲೋ ಬರೆದು ಕಳಿಸಿದ್ದ ಮನೆಯ ಫೋನ್ ನಂಬರು ನನ್ನಲ್ಲಿತ್ತು. ಮಾಡಿದೆ. ಎತ್ತಿದ್ದು ಹೆಂಗಸು, ದಣಿದ ದನಿ. ನಾನು ನೆಸ್ಟರ್ ಅವರ ಪರಿಚಯದವಳು, ಅವರು ಹೇಗಿದ್ದಾರೆ ಎಂದೆ. ಮಲಗಿದ್ದಾರೆ ಅಂದಳು. ಎಬ್ಬಿಸುತ್ತೀಯಾ ಎಂದೆ. ಎಬ್ಬಿಸಿದರೂ ಅವರಿಗೆ ಕಿವಿ ಕೇಳುತ್ತದೆಯೇ, ಏನು ವಿಷಯವೋ ತನಗೇ ಹೇಳಬೇಕು ಎಂದಳು. ತನಗೇ ಹೇಳಬೇಕು! ಏನೂ ಇಲ್ಲಮ್ಮ ಎಂದು ಇಟ್ಟುಬಿಟ್ಟೆ.

ಮರುದಿನವೆಲ್ಲ ನಾನು ಅನುಭವಿಸಿದ್ದನ್ನು ಬರೆದು ಹೇಳುವುದು ಕಷ್ಟ. ಪೊಲೀಸರಿಗೆ ಹೇಳಿ, ಅಲ್ಲಿ ಏನೂ ಇರದಿದ್ದರೆ? ಮನೆ ಮುಂದೆ ಪೊಲೀಸ್ ಗಾಡಿ ನಿಂತದ್ದನ್ನು ಅವರ ಊರು ನೋಡುತ್ತದೆ. ನೋಡಿಕೊಳ್ಳುವ ಹುಡುಗಿ ಅವಮಾನವಾಯಿತೆಂದು ಬಿಟ್ಟು ಹೋದರೆ, ಸೊಂಟ ಮುರಿದ ಮುದುಕರ ಗತಿ? ಅವರು ಮತ್ತೆ ನನಗೆ ಒಂದು ಸಾಲು ಬರೆಯುತ್ತಾರೆಯೇ? ಬರೆಯುವುದಿಲ್ಲ. ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು, ಮಾಡಿದರೆ ನಾನು ಅವರನ್ನು ಕಳೆದುಕೊಳ್ಳುತ್ತೇನೆ. ಮಾಡದಿದ್ದರೆ, ಅಲ್ಲಿ ನಿಜವಾಗಿ ಏನಾದರೂ ಇದ್ದರೆ, ಹೇಗೂ ಕಳೆದುಕೊಳ್ಳುತ್ತೇನೆ. ಆಚೆ ಕೊಲ್ಲಿಯವರು ಅಪ್ಪನ ಬಾವುಟ ಕಂಡಾಗ, ಯಾರೋ ಕುಡಿದು ತಪ್ಪಾಗಿ ಕಟ್ಟಿರಬಹುದು ಎಂದು ದಂಡೆಯ ಮೇಲೆ ಕೂತು ಚರ್ಚೆ ಮಾಡಿದ್ದರೆ ನಾನು ಅಪ್ಪನಿಲ್ಲದೆ ಬೆಳೆಯುತ್ತಿದ್ದೆ.

ಟ್ರಿಫಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕಡೆಯ ಪೊಲೀಸ್ ಠಾಣೆಗೆ ಫೋನ್ ಮಾಡಿದೆ. ಎತ್ತಿದವನು ಎಳೆಯ ದನಿಯವನು, ಮರ್ಯಾದಸ್ಥ. ಏನು ದೂರು ಎಂದು ಕೇಳಿದ.

"ಸ್ಟ್ಯಾಂಪು ತಲೆಕೆಳಗಾಗಿದೆ," ಅಂದೆ.

ಟ್ರಿಫಿ ಹಣೆ ಹಿಡಿದುಕೊಂಡಳು. ನಾನು ಬ್ರೆಡ್ಡಿನಿಂದ ಶುರುಮಾಡಿ ಅಪ್ಪನ ದೋಣಿಯ ತನಕ ನಿಧಾನವಾಗಿ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ, ಅದಕ್ಕೆ ಅವನ ತಾಯಿಯನ್ನು ಮೆಚ್ಚಬೇಕು.

"ಆಯ್ತು ಅಜ್ಜಿ. ಆ ಕಡೆ ಹೋದಾಗ ನೋಡ್ಕೊಂಡು ಬರ್ತೀನಿ," ಅಂದ.

"ಹೋದಾಗ ಅಲ್ಲಪ್ಪ. ಈವತ್ತು."

ಅವನು ಅವತ್ತೇ ಹೋದ. ಸಂಜೆ ಅವನೇ ಫೋನ್ ಮಾಡಿದ. ತಾತ ಚೆನ್ನಾಗಿದ್ದಾರೆ, ತಲೆ ಬಾಚಿತ್ತು, ಮೈಮೇಲೆ ಒಗೆದ ಬಟ್ಟೆಯಿತ್ತು, ಸಾರು ಕುಡಿಯುತ್ತಿದ್ದರು, ತನಗೂ ಒಂದು ಬಟ್ಟಲು ಕೊಟ್ಟರು ಎಂದ. ಅವರೇನಾದರೂ ಹೇಳಿದರಾ ಎಂದು ಕೇಳಿದೆ.

"ಕಿವಿ ಕೇಳಲ್ವಲ್ಲ ಅಜ್ಜಿ, ಚೀಟಿ ಬರೆದು ತೋರಿಸ್ದೆ. 'ಸ್ಟ್ಯಾಂಪು ತಲೆಕೆಳಗಾಗಿದೆ ಅಂತ ನಿಮ್ಮ ಗೆಳತಿಯಿಂದ ದೂರು ಬಂದಿದೆ' ಅಂತ. ಓದಿದ್ರು. ಮುಖ ಕೆಂಪಗಾಯ್ತು. ಕೋಲು ಊರ್ಕೊಂಡು ಒಳಗೆ ಹೋಗ್ಬಿಟ್ರು. ಆಮೇಲೆ ಬರ್ಲೇ ಇಲ್ಲ."

ಅವರು ಬದುಕಿದ್ದಾರೆ, ಉಣ್ಣುತ್ತಿದ್ದಾರೆ. ಅವತ್ತು ನಾನು ಮೊದಲು ಅತ್ತದ್ದು ಅದಕ್ಕೆ. ಆಮೇಲೆ ಅತ್ತದ್ದು ಕೋಲು ಊರಿಕೊಂಡು ಒಳಗೆ ಹೋದದ್ದಕ್ಕೆ.

ತಕ್ಷಣ ಕಾಗದ ಬರೆದೆ. ಉದ್ದ ಬರೆಯಲು ನಾಚಿಕೆಯಾಗಿ ಚಿಕ್ಕದಾಗಿ ಬರೆದೆ: 'ನನ್ನಿಂದ ತಪ್ಪಾಯಿತು. ದಯವಿಟ್ಟು ಕ್ಷಮಿಸಿ. ಸ್ಟ್ಯಾಂಪಿನ ವಿಷಯ ಇನ್ನು ನಾನು ಎತ್ತುವುದಿಲ್ಲ.' ಉತ್ತರ ಬರಲಿಲ್ಲ.

ಏಪ್ರಿಲ್ ಹೋಯಿತು. ಮಂಜುಗಡ್ಡೆ ಕರಗಿ ದೋಣಿ ತಪ್ಪದೆ ಬರತೊಡಗಿತು. ಇದು ಇನ್ನೂ ಕಷ್ಟ. ದೋಣಿಯೇ ಬಾರದಿದ್ದರೆ ದೋಣಿಯನ್ನು ಬಯ್ಯಬಹುದು. ಡಲ್ಸಿ ನನ್ನನ್ನು ಕಂಡ ಕೂಡಲೇ ಚೀಲದೊಳಗೆ ಮತ್ತೆ ಕೈಯಾಡಿಸಿ ಹುಡುಕುವಳು, ಇಲ್ಲವೆಂದು ಗೊತ್ತಿದ್ದೂ. ನನ್ನ ಅಭ್ಯಾಸ ಮಾತ್ರ ಬಿಡಲಿಲ್ಲ. ಒಂದು ಬೆಳಿಗ್ಗೆ ನೀಲಿ ಮಂಜುಬೆಟ್ಟವೊಂದು ತೇಲಿಕೊಂಡು ಕೊಲ್ಲಿಯ ಮುಂದೆ ಬಂದು, ಚರ್ಚಿನ ಗೋಪುರಕ್ಕಿಂತ ಎತ್ತರವಾಗಿ ನಿಂತಿತು. ಇದನ್ನು ನೆಸ್ಟರ್ ಅವರಿಗೆ ಬರೆಯಬೇಕು ಎಂದುಕೊಂಡೆ. ಅಂದುಕೊಂಡದ್ದು ಹಾಗೇ ಉಳಿಯಿತು, ಎಲ್ಲಿಡುವುದು ಎಂದು ತಿಳಿಯದ ಸಾಮಾನಿನ ಹಾಗೆ. ಟ್ರಿಫಿಗೆ ಹೇಳಿದರೆ, ಅವಳ ಕಿಟಕಿಯಿಂದಲೂ ಅದೇ ಮಂಜುಬೆಟ್ಟ ಕಾಣುತ್ತದೆ.

ಮೇ ಕೊನೆಗೆ ಲಕೋಟೆ ಬಂತು. ಡಲ್ಸಿ ಅದನ್ನು ಹಿಡಿದುಕೊಂಡು ಬಾಗಿಲ ತನಕ ಓಡಿ ಬಂದಳು.

"ನೆಟ್ಟಗಿದಾಳೆ ದೊಡ್ಡಮ್ಮ. ರಾಣಿ ನೆಟ್ಟಗಿದಾಳೆ."

ನಿಜ. ಕಿರೀಟ ಮೇಲೆ, ಕೊರಳು ಕೆಳಗೆ. ಸಮಾಧಾನವಾಗಬೇಕಿತ್ತು. ದಂಡೆಯ ಕಲ್ಲಿನ ಮೇಲೆ ಕೂತು, ಹೆಬ್ಬೆರಳಿನಿಂದ ಲಕೋಟೆ ಹರಿದೆ.

'ಸೆಲೀನಾ ಅವರಿಗೆ,

ಪೊಲೀಸಿನವನು ಬಂದು ಹೋದ ಮೇಲೆ ನಾನು ಪೆನ್ನು ಮುಟ್ಟಲಿಲ್ಲ. ಕೋಪದಿಂದಲ್ಲ, ನಾಚಿಕೆಯಿಂದ. ನಾನು ಹುಡುಗನಾಗಿದ್ದಾಗ ನಮ್ಮ ಕಡೆ, ಇಷ್ಟವಿದೆಯೆಂದು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದವನು ಹುಡುಗಿಯ ಕಾಗದಕ್ಕೆ ಸ್ಟ್ಯಾಂಪನ್ನು ತಲೆಕೆಳಗಾಗಿ ಹಚ್ಚುತ್ತಿದ್ದ. ಹುಡುಗಿಗೆ ಅರ್ಥವಾಗುತ್ತಿತ್ತು. ಅಂಚೆಯವನಿಗೂ ಅರ್ಥವಾಗುತ್ತಿತ್ತು, ತೊಂದರೆ ಅಷ್ಟೇ. ಇದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ ಎಂದು ನಾನು ತಿಳಿದಿದ್ದೆ. ಸೊಂಟ ಮುರಿದು ಮಲಗಿದ್ದಾಗ, ಹೇಳದೆಯೇ ಹೋಗಿಬಿಟ್ಟರೆ ಎಂದು ಭಯವಾಯಿತು. ಸ್ಟೆಫಾ ಓದುವ ಕಾಗದದಲ್ಲಿ ಹೇಗೆ ಬರೆಯಲಿ? ಅದಕ್ಕೆ ಹೊರಗೆ ಇಟ್ಟೆ.

ನೀವು ಪೊಲೀಸರಿಗೆ ದೂರು ಕೊಟ್ಟಿರಿ. ಬೇಡ ಎಂದು ಹೇಳಿಸಿಕೊಂಡವರನ್ನು ಕಂಡಿದ್ದೇನೆ, ಇಷ್ಟು ಗಟ್ಟಿಯಾಗಿ ಹೇಳಿಸಿಕೊಂಡವರನ್ನು ಕಂಡಿಲ್ಲ. ಆಮೇಲೆ ಆ ವಿಷಯ ಇನ್ನು ಎತ್ತುವುದಿಲ್ಲ ಎಂದೂ ಬರೆದಿರಿ. ಸರಿ, ಮುದುಕನಿಗೆ ಬುದ್ಧಿ ಬಂತು ಎಂದುಕೊಂಡೆ.

ನಾನು ಊಟ ಸರಿಯಾಗಿ ಮಾಡುತ್ತಿಲ್ಲವೆಂದು ಸ್ಟೆಫಾ ಜಗಳ ತೆಗೆದಳು. ಇದ್ದದ್ದನ್ನು ಹೇಳಿದೆ. ನಿಮ್ಮ ಹಳೆಯ ಕಾಗದಗಳನ್ನು ತೆಗೆದು ಕೂತಳು. ನೀವು ನಿಮ್ಮ ಅಪ್ಪನ ದೋಣಿಯ ಬಗ್ಗೆ ಬರೆದದ್ದನ್ನು ಅವಳೇ ನನ್ನ ಮುಂದೆ ಹಿಡಿದಳು. ನಾನು ಅದನ್ನು ಪೂರ್ತಿ ಮರೆತಿದ್ದೆ, ಇದಕ್ಕೆ ಕ್ಷಮೆ ಕೇಳಬೇಕಾದವನು ನಾನು. ಅವಳು ಒಂದು ಚೀಟಿಯಲ್ಲಿ ಬರೆದು ತೋರಿಸಿದಳು: "ದೊಡ್ಡಪ್ಪ, ನೀನು ಗುಂಡಿ ತಪ್ಪಾಗಿ ಹಾಕ್ಕೊಂಡ್ರೆ ಈ ಊರಲ್ಲಿ ನೋಡೋರಿಲ್ಲ. ಅಲ್ಲಿ ಯಾರೋ ನಿನ್ನ ಸ್ಟ್ಯಾಂಪು ಯಾವ ಕಡೆ ನಿಂತಿದೆ ಅಂತ ನೋಡ್ತಾ ಕೂತಿದಾರೆ. ಕಾಗದ ಬರಿ." ಅವಳು ಇನ್ನು ಮೇಲೆ ಓದುವುದಿಲ್ಲವಂತೆ. ಕಾಗುಣಿತ ತಪ್ಪಿದ್ದರೆ ಅನುಭವಿಸಿ.

ಈ ಸಲ ನೆಟ್ಟಗೆ ಹಚ್ಚಿದ್ದೇನೆ. ಮುಂದೆ ಹೇಗೆ ಹಚ್ಚಲಿ, ನೀವೇ ಹೇಳಿ.

ನೆಸ್ಟರ್'

ನಾನು ಅಲ್ಲಿ ಬಹಳ ಹೊತ್ತು ಕೂತಿದ್ದೆ. ತಣ್ಣನೆಯ ಕಲ್ಲು, ಮಂಡಿಗೆ ಒಳ್ಳೆಯದಲ್ಲ. ಟ್ರಿಫಿ ಕಿಟಕಿಯಿಂದ ನೋಡಿ, ಏನಾಯಿತೋ ಎಂದು ಏಪ್ರನ್ನಿನಲ್ಲೇ ಬಂದಳು. ಕಾಗದ ಕೊಟ್ಟೆ. ಓದಿ ಮಡಚಿ ಕೈಗಿಟ್ಟಳು.

"ನೋಡಿದ್ಯಾ, ನಾನು ಮೊದಲೇ ಹೇಳ್ಲಿಲ್ವಾ ಮುದುಕನಿಗೇನೂ ಆಗಿಲ್ಲ ಅಂತ," ಅಂದಳು. ಆಮೇಲೆ ಪಕ್ಕದಲ್ಲಿ ಕೂತು, "ಏನು ಬರೀತೀಯ?" ಎಂದು ಕೇಳಿದಳು.

ಬರೆಯುವುದೇನು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಒಂದು ಭಯ ಹೋಗಿ ಅದೇ ಜಾಗಕ್ಕೆ ಇನ್ನೊಂದು ಬಂದು ಕೂತಿತ್ತು. ಅವರಿಗೆ ಎಂಬತ್ತು ದಾಟಿದೆ. ನಾಳೆ ನಿಜವಾಗಿಯೇ ಏನಾದರೂ ಆದರೆ? ಆಪತ್ತಿನ ಗುರುತನ್ನು ನಾವು ಬೇರೆಯದಕ್ಕೆ ಬಳಸಿಬಿಟ್ಟರೆ, ಆಪತ್ತಿಗೆ ಏನು ಉಳಿಯಿತು? ಅದನ್ನೇ ಬರೆದೆ:

'ನೆಟ್ಟಗಿದ್ದ ರಾಣಿಯನ್ನು ಕಂಡು ನನಗೆ ಸಂತೋಷವಾಗಲಿಲ್ಲ. ಮೊದಲಿನ ಹಾಗೇ ಹಚ್ಚಿ. ಕಷ್ಟ ಬಂದ ದಿನ ಮಾತ್ರ ನೆಟ್ಟಗೆ ಹಚ್ಚಿ. ಮರೆತು ನೆಟ್ಟಗೆ ಹಚ್ಚಿದರೆ ಪೊಲೀಸರು ಬರುತ್ತಾರೆ, ಸಾರು ಸಿದ್ಧವಿರಲಿ.' ಆಮೇಲೆ ಮಂಜುಬೆಟ್ಟದ ಬಗ್ಗೆ ಎರಡು ಪುಟ.

ಕಾಗದ ಮುಗಿಯಿತು. ಸ್ಟ್ಯಾಂಪು ಹಚ್ಚುವುದು ಉಳಿಯಿತು. ತಿರುಗಿಸಿ ಹಿಡಿದೆ. ಕೈ ಬರಲೊಲ್ಲದು. ಇಷ್ಟು ವರ್ಷ ಒಂದು ಬಕೆಟ್ಟನ್ನೂ ಬೋರಲಿಡದ ಕೈ ಅದು. ಅಮ್ಮನ ಏಟು ಮಣಿಕಟ್ಟಿನ ಮೇಲೆ ಚುರುಕ್ಕೆಂದ ಹಾಗಾಯಿತು. ಕೊನೆಗೆ ಕಣ್ಣು ಮುಚ್ಚಿಕೊಂಡು ಒತ್ತಿಬಿಟ್ಟೆ. ತೆರೆದು ನೋಡಿದರೆ ಸ್ವಲ್ಪ ಓರೆಯಾಗಿತ್ತು, ಆದರೆ ಕಿರೀಟ ಕೆಳಗೇ ಇತ್ತು.

ಡಲ್ಸಿ ಲಕೋಟೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ದೊಡ್ಡಮ್ಮ, ನಿಮಗೇನಾದ್ರೂ ತೊಂದರೆನಾ? ಯಾರಿಗಾದ್ರೂ ಹೇಳ್ಲಾ?"

"ಏನಿಲ್ಲ ಮಗಳೇ. ಚೀಲಕ್ಕೆ ಹಾಕು."

ಮನೆಗೆ ಬಂದವಳೇ ಮೇಜಿನ ಮೇಲಿನ ಬ್ರೆಡ್ಡನ್ನು ನೋಡಿದೆ. ನೆಟ್ಟಗಿತ್ತು. ಆದರೂ ಒಮ್ಮೆ ಎತ್ತಿ ಮತ್ತೆ ಇಟ್ಟೆ. ದೋಣಿ ಹಗ್ಗ ಬಿಚ್ಚುವ ಸದ್ದು ಕೇಳಿತು. ಶಾಲು ಹೊದ್ದು ದಂಡೆಗೆ ಹೋದೆ. ಸಮುದ್ರ ಶಾಂತವಾಗಿತ್ತು, ಗಾಳಿಯಿರಲಿಲ್ಲ, ಹೆದರುವಂಥದ್ದು ಏನೂ ಇರಲಿಲ್ಲ. ಆದರೆ ಆ ದೋಣಿಯೊಳಗೆ ಬೋರಲಾದದ್ದು ಒಂದಿದೆ ಎಂಬುದು ದೋಣಿಯವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದು ಕೊಲ್ಲಿಯ ಬಾಯಿ ದಾಟಿ, ಬಂಡೆಗಳನ್ನು ದಾಟಿ, ಮೂಲೆ ತಿರುಗಿ ಕಣ್ಣಿಗೆ ಮರೆಯಾಗುವ ತನಕ ನಾನು ಅಲ್ಲಿಂದ ಕದಲಲಿಲ್ಲ.